ಸೈಲೆನ್ಸರ್ ಮೇಲೆ ರೋಡ್ ರೋಲರ್ ಹತ್ತಿಸಿದ್ರೆ ಸದ್ದು ನಿಲ್ಲುತ್ತಾ?

ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 52 ಎರಿ ಹೊಲಗಳ ನಡುವೆ ಸಾಗುತ್ತದೆ. ಅದೇ ಹೆದ್ದಾರಿ ಇನ್ನೊಂದು ದಿಕ್ಕಿಗೆ ಕಲಘಟಗಿ ಮೇಲೆ ಹಾದು ಅಂಕೋಲಾ ಸೇರುತ್ತದೆ. ಇಂಥ ರಸ್ತೆ ಸಿಕ್ಕರೆ ಬೈಕ್ ಇರುವ ಹುಡುಗರ ಕೈ ಸುಮ್ಮನಿರಲ್ಲ. ಕಂಪನಿ ಸೈಲೆನ್ಸರ್ ತೆಗೆಸಿ ಬೇರೆ ಪೈಪ್ ಹಾಕಿಸಿದ್ದರಂತೂ ಸದ್ದು ಊರೊಳಗೆ ಮಲಗಿದವರನ್ನೂ ಎಬ್ಬಿಸುತ್ತೆ. ಬಯಲಲ್ಲಿ ಸದ್ದಿಗೆ ಅಡ್ಡ ಬರೋದು ಕಡಿಮೆ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾದಾಗ ಅದು ಇನ್ನೂ ದೂರ ಹೋಗುತ್ತೆ.

ಇದಕ್ಕೆ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರ ಉತ್ತರ ಒಂದೇ: ಸೈಲೆನ್ಸರ್ ಕಿತ್ತು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸೋದು. ಫೋಟೊ ಚೆನ್ನಾಗಿ ಬರುತ್ತೆ. ಸದ್ದು ಎಷ್ಟಿತ್ತು, ಅಳೆದವರು ಯಾರು ಅಂತ ಯಾರೂ ಕೇಳಲ್ಲ.

ಕಾನೂನಲ್ಲಿ ಏನಿದೆ?

ಕೇಂದ್ರ ಮೋಟಾರು ವಾಹನ ನಿಯಮಗಳ (1989) ನಿಯಮ 120ರ ಪ್ರಕಾರ ಟ್ರ್ಯಾಕ್ಟರ್ ಸೇರಿದಂತೆ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಬೇಕು. ತಯಾರಿಕೆ ಹಂತದಲ್ಲಿ 80ರಿಂದ 175 ಸಿಸಿ ಬೈಕಿಗೆ 77 ಡೆಸಿಬೆಲ್, ಅದಕ್ಕಿಂತ ದೊಡ್ಡ ಬೈಕಿಗೆ 80, ಸಾಮಾನ್ಯ ಕಾರಿಗೆ 74 ಮಿತಿ. 2019ರ ತಿದ್ದುಪಡಿಯ ನಂತರ ಶಬ್ದ ನಿಯಮ ಮುರಿದರೆ ಮೊದಲ ಸಲ 10,000 ರೂಪಾಯಿ ತನಕ ದಂಡ ಅಥವಾ 3 ತಿಂಗಳ ತನಕ ಜೈಲು. ಅನುಮತಿ ಇಲ್ಲದೆ ವಾಹನ ಮಾರ್ಪಡಿಸೋದೂ ಅಪರಾಧ, ಅದನ್ನು ಹಿಡಿಯಲು ಮೀಟರ್ ಬೇಕಿಲ್ಲ.

ಆದರೆ ಮಿತಿ ಮೀರಿದೆ ಅನ್ನೋದಕ್ಕೆ ಅಳತೆ ಬೇಕು, ಅದು ಮೊಬೈಲ್ ಆ್ಯಪ್‌ನಿಂದ ಆಗೋ ಕೆಲಸ ಅಲ್ಲ. ಆ 80 ಡೆಸಿಬೆಲ್ ಅಳೆಯೋದು ವಾಹನ ಸಾಗುವ ಗೆರೆಯಿಂದ 7.5 ಮೀಟರ್ ದೂರದಲ್ಲಿ ಮೈಕ್ ಇಟ್ಟು. ಪೈಪಿನ ಬಾಯಿಗೆ ಹತ್ತಿರ ಹಿಡಿದರೆ ಅದೇ ಗಾಡಿ ಎಷ್ಟೋ ಹೆಚ್ಚು ತೋರಿಸುತ್ತೆ. ಡೆಸಿಬೆಲ್ ಲೆಕ್ಕವೂ ಕಿಲೋ ತೂಕದ ಲೆಕ್ಕದಂತಲ್ಲ: 10 ಏರಿದರೆ ಸದ್ದಿನ ಶಕ್ತಿ 10 ಪಟ್ಟು.

ದುಡ್ಡಿದ್ದವರ ಸದ್ದು ಎಲ್ಲಿ ಹೋಗುತ್ತೆ?

ಸ್ಪೋರ್ಟ್ಸ್ ಕಾರು ಇದ್ದವರಿಗೆ 'ಟ್ರ್ಯಾಕ್ ಡೇ' ಇದೆ. ಫೀ ಕಟ್ಟಿ, ಹೆಲ್ಮೆಟ್ ಹಾಕಿ, ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಿ ನೋಡುವ ದಿನ. ಅದಕ್ಕೆ ನಮ್ಮ ದೇಶದಲ್ಲಿ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರು, ಗ್ರೇಟರ್ ನೋಯ್ಡಾದಂಥ ಜಾಗಗಳಿವೆ.

ಬ್ರಿಟನ್ನಿನ ಟ್ರ್ಯಾಕ್‌ಗಳಲ್ಲಿ ಬೆಳಿಗ್ಗೆಯೇ ಪೈಪಿನಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಕೋನದಲ್ಲಿ ಮೈಕ್ ಹಿಡಿದು ನಿಂತ ಗಾಡಿಯ ಸದ್ದು ಅಳೀತಾರೆ. ಓಡುವಾಗ ಅಳೆಯಲು ಟ್ರ್ಯಾಕ್ ಪಕ್ಕದಲ್ಲಿ ಇನ್ನೊಂದು ಮೀಟರ್. ಮಿತಿ ಮೀರಿದರೆ ಗಾಡಿ ಒಳಗೆ ಕರೀತಾರೆ, ಸರಿ ಮಾಡದಿದ್ದರೆ ಮನೆಗೆ ಕಳಿಸ್ತಾರೆ. ಗುಡ್‌ವುಡ್‌ನಲ್ಲಿ ಯಾವ ದಿನ ಎಷ್ಟು ಸದ್ದು ಅಂತ ಮೊದಲೇ ಗೊತ್ತುಮಾಡಿರ್ತಾರೆ. ಅಮೆರಿಕದ ಲಗೂನಾ ಸೆಕಾದಲ್ಲೂ ಸಾಮಾನ್ಯ ದಿನಗಳ ಮಿತಿ 90 ಡೆಸಿಬೆಲ್ ಆಸುಪಾಸು.

ಇದೆಲ್ಲ ಟ್ರ್ಯಾಕ್ ಮಾಲೀಕರ ಒಳ್ಳೆಯತನದಿಂದಲೇ ಬಂದಿದ್ದಲ್ಲ, ಅಕ್ಕಪಕ್ಕದ ಜನ ಜಗಳಾಡಿದ್ದರಿಂದಲೂ ಬಂದಿದ್ದು. 2014ರಲ್ಲಿ ಕವೆಂಟ್ರಿ ವಿರುದ್ಧ ಲಾರೆನ್ಸ್ ಪ್ರಕರಣದಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಮನೆಯವರ ಪರ ನಿಂತಿತು. 'ನಾವು ಮೊದಲಿಂದ ಇದ್ದೀವಿ, ನೀವು ಆಮೇಲೆ ಬಂದೋರು' ಅನ್ನೋದು ಸದ್ದಿಗೆ ಲೈಸೆನ್ಸ್ ಅಲ್ಲ ಎಂದಿತು.

ನಮ್ಮ ತಾಲೂಕಿಗೆ ಇದು ಹೇಗೆ?

ಅಣ್ಣಿಗೇರಿಯ ಹುಡುಗ ಫೀ ಕಟ್ಟಿ ತಮಿಳುನಾಡಿಗೆ ಹೋಗಲಾರ. ಅವನ ಟ್ರ್ಯಾಕ್ ಊರ ರಸ್ತೆಯೇ. ಆದರೆ ಅದೇ ರಸ್ತೆ ಬದಿಯಲ್ಲಿ ಶಾಲೆ, ದವಾಖಾನೆ, ಬೆಳಿಗ್ಗೆ ಐದಕ್ಕೆ ಎದ್ದು ಹೊಲಕ್ಕೆ ಹೋಗೋ ಹೆಣ್ಮಕ್ಕಳ ಮನೆ ಇವೆ. ಅವರ ನಿದ್ದೆಯೂ ಹಕ್ಕೇ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸರಾಸರಿ 45 ಡೆಸಿಬೆಲ್ ಮೀರಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮವೇ ಹೇಳುತ್ತದೆ.

ಜಾಗ ಮತ್ತು ನಿಯಮ ಕೊಟ್ಟು ಓಟವನ್ನು ಉಳಿಸಿಕೊಂಡ ಅನುಭವ ನಮಗಿದೆ. ಕಂಬಳ, ಎತ್ತಿನಗಾಡಿ ಓಟಕ್ಕೆ ರಾಜ್ಯ 2017ರಲ್ಲಿ ಕಾನೂನು ತಿದ್ದಿತು, ಸುಪ್ರೀಂ ಕೋರ್ಟ್ 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು. ಬೈಕಿಗೂ ಹಾಗೆ ಯೋಚಿಸಬಹುದು: ಗ್ರಾಮಸಭೆ ಒಪ್ಪಿದ, ಮನೆಗಳಿಂದ ದೂರದ ಜಾಗ; ತಿಂಗಳಿಗೆ ಒಂದೆರಡು ದಿನ, ಹಗಲು ಹೊತ್ತು; ಮೀಟರ್, ಹೆಲ್ಮೆಟ್, ಆಂಬುಲೆನ್ಸ್ ಕಡ್ಡಾಯ. ದನ ಮೇಯೋ ಗಾಯರಾಣ ಕಸಿದುಕೊಂಡು ಮಾತ್ರ ಅಲ್ಲ.

ಅಲ್ಲಿಯವರೆಗೆ 10 ರೂಪಾಯಿ ಶುಲ್ಕ ಕಟ್ಟಿ ಒಂದು ಆರ್‌ಟಿಐ ಅರ್ಜಿ ಹಾಕಿ. ಮೂರೇ ಪ್ರಶ್ನೆ ಸಾಕು: ನಿಮ್ಮ ಠಾಣೆಯಲ್ಲಿ ಶಬ್ದ ಅಳೆಯುವ ಮೀಟರ್ ಇದೆಯಾ? ಎಷ್ಟು ಕೇಸಲ್ಲಿ ಅಳೆದು ದಂಡ ಹಾಕಿದ್ದೀರಿ? ಆ ಪೈಪ್ ಮಾರಿದ, ಜೋಡಿಸಿಕೊಟ್ಟ ಅಂಗಡಿಗಳ ಮೇಲೆ ಎಷ್ಟು ಕೇಸ್? ಮೂರನೆಯದಕ್ಕೆ ಬರುವ ಉತ್ತರ ಸೊನ್ನೆಯಾಗಿದ್ದರೆ, ರೋಲರ್ ಯಾರ ಮೇಲೆ ಮಾತ್ರ ಹತ್ತುತ್ತಿದೆ ಅಂತ ಗೊತ್ತಾಗುತ್ತೆ.