ಒಂದೇ ವೈರಸ್, ಬೇರೆ ಬೇರೆ ವೇಗ

ಪ್ರಶ್ನೆ: ಎಚ್‌ಐವಿ ಸೋಂಕು ತಗುಲಿದ ಕೆಲವರಿಗೆ ಔಷಧವಿಲ್ಲದೆಯೂ ವರ್ಷಗಟ್ಟಲೆ ಏಡ್ಸ್ ಬರುವುದಿಲ್ಲ. ಏಕೆ?

ಚಿಕಿತ್ಸೆ ಇಲ್ಲದಿದ್ದರೆ ಎಚ್‌ಐವಿ ಸೋಂಕು ಏಡ್ಸ್ ಹಂತ ಮುಟ್ಟಲು ಸಾಮಾನ್ಯವಾಗಿ 10 ವರ್ಷ ಹಿಡಿಯುತ್ತದೆ. ಕೆಲವರಲ್ಲಿ ಎರಡು-ಮೂರು ವರ್ಷವೇ ಸಾಕು. ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ ರಕ್ತದಲ್ಲಿನ ವೈರಸ್ ಮಾಮೂಲಿ ಪರೀಕ್ಷೆಗೆ ಸಿಗದಷ್ಟು ತಗ್ಗಿರುತ್ತದೆ. ಈ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲಿದೆ, ಅದರಲ್ಲೂ ಎಚ್‌ಎಲ್‌ಎ ವಂಶವಾಹಿಗಳದ್ದು.

ಸೋಂಕು ತಗುಲಿದ ಜೀವಕೋಶ ತನ್ನೊಳಗಿನ ವೈರಸ್ಸಿನ ಪ್ರೋಟೀನ್ ಚೂರುಗಳನ್ನು ಎಚ್‌ಎಲ್‌ಎ ಅಣುವಿಗೆ ಸಿಕ್ಕಿಸಿ ಹೊರಮೈಯಲ್ಲಿ ತೋರಿಸುತ್ತದೆ. ಅದನ್ನು ಗುರುತಿಸಿದ, ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ಆ ಜೀವಕೋಶವನ್ನು ಕೊಲ್ಲುತ್ತವೆ. ಯಾವ ಚೂರು ಹೊರಗೆ ಕಾಣಬೇಕೆಂಬುದನ್ನು ನಿರ್ಧರಿಸುವುದು ಎಚ್‌ಎಲ್‌ಎ ಮಾದರಿ. ಅಸಲು ವಿಷಯ ಇರುವುದು ಇಲ್ಲೇ. ಕಳ್ಳನ ಅಂಗಿಯ ಬಣ್ಣ ಹೇಳಿ ಹುಡುಕಿಸಿದರೆ ಅವನು ಅಂಗಿ ಬದಲಿಸಿಯಾನು. ಕುಂಟುನಡಿಗೆಯ ಗುರುತು ಹೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಬಿ57 ಎಂಬ ಎಚ್‌ಎಲ್‌ಎ ಮಾದರಿ ತೋರಿಸುವುದು ಇಂಥ ಗುರುತನ್ನೇ: ವೈರಸ್ಸಿನ ಒಳಕವಚದ ಚೂರನ್ನು. ಅದನ್ನು ಮಾರ್ಪಡಿಸಿಕೊಂಡರೆ ವೈರಸ್ಸೇ ಸೊರಗುತ್ತದೆ. ಆದರೆ ಬಿ35 ಎಂಬ ಇನ್ನೊಂದು ಮಾದರಿಯ ಕೆಲವು ಬಗೆಗಳಿರುವವರಲ್ಲಿ ಕಾಯಿಲೆ ಬೇಗ ಬಲಿಯುತ್ತದೆ.

ಇನ್ನೊಂದು ವಂಶವಾಹಿ ಸಿಸಿಆರ್5. ವೈರಸ್ ಜೀವಕೋಶದೊಳಗೆ ನುಸುಳಲು ಬಳಸುವ ಪ್ರೋಟೀನನ್ನು ಇದು ರೂಪಿಸುತ್ತದೆ. ಡಿಎನ್‌ಎಯ 32 ಅಕ್ಷರಗಳು ಬಿಟ್ಟುಹೋದ ಇದರ ನಕಲು ತಂದೆ-ತಾಯಿ ಇಬ್ಬರಿಂದಲೂ ಬಂದಿದ್ದರೆ ಸೋಂಕು ತಗಲುವುದೇ ಅಪರೂಪ. ಒಬ್ಬರಿಂದ ಬಂದಿದ್ದರೆ ಕಾಯಿಲೆ ನಿಧಾನ. ಉತ್ತರ ಯುರೋಪಿನಲ್ಲಿ ಹೆಚ್ಚಾಗಿ ಕಾಣುವ ಈ ಬದಲಾವಣೆ ಭಾರತದಲ್ಲಿ ವಿರಳ.