ಎಳೆಯರ ನರಗಳ ಮೇಲಣ ಒತ್ತಡ

ಶಿಡ್ಲಘಟ್ಟದ ಸುತ್ತಣ ಊರುಗಳಲ್ಲಿ ರೇಷ್ಮೆಗೂಡು ಬಿಡಿಸುವ ದಿನ ಬಂತೆಂದರೆ, ಹಿರಿಯರೊಡನೆ ಮನೆಯ ಹುಡುಗ ಹುಡುಗಿಯರೂ ಚಂದ್ರಿಕೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಗಂಟೆಗಟ್ಟಲೆ ಮೇಲೇಳದೆ ಕೈಜೋಡಿಸುವುದುಂಟು. ಆಗ ಮಂಡಿಯ ಹೊರಮಗ್ಗುಲಲ್ಲಿ, ತೊಗಲಿನ ಮರೆಯಲ್ಲಷ್ಟೇ ಎಲುಬನ್ನು ಬಳಸಿ ಹಾಯುವ ನರವು ನಲುಗಿ, ಎದ್ದು ನಡೆಯುವಾಗ ಪಾದದ ತುದಿ ಮೇಲೇಳದೆ, ಚಪ್ಪಲಿ ಜಾರುವುದೂ ಬೆರಳು ನೆಲಕ್ಕೆ ತಗುಲಿ ಎಡವುವುದೂ ಸಂಭವಿಸಬಹುದು. ಚಿಂತಾಮಣಿ, ಗೌರಿಬಿದನೂರುಗಳ ಹೊಲಗಳಲ್ಲಿ ಕಳೆ ಕೀಳುವವರಿಗೂ ಈ ಭಯವುಂಟು. ಸರಸರನೆ ಎತ್ತರ ಬೆಳೆದು ಸಣಕಲಾಗಿರುವ ಮಕ್ಕಳಲ್ಲಿ ನರವನ್ನು ಕಾಯುವ ಕೊಬ್ಬು ಅಲ್ಪವಾದುದರಿಂದ ಅದು ಮತ್ತಷ್ಟು ಅಧಿಕ. ಜೋಮು ಬಹುಮಟ್ಟಿಗೆ ನಿಮಿಷಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಮೊಣಕೈಯ ನರದ ವೃತ್ತಾಂತ ಇದಕ್ಕಿಂತ ದೀರ್ಘವಾದುದು. ಐದಾರರ ವಯಸ್ಸಿನಲ್ಲಿ ಮರದಿಂದ ಬಿದ್ದು ಮುರಿದ ಎಲುಬು ಓರೆಯಾಗಿ ಕೂಡಿಕೊಂಡಿದ್ದರೆ, ಮಗು ಬೆಳೆದಂತೆಲ್ಲ ಒಳಮಗ್ಗುಲ ನರವು ಜಗ್ಗಿ, ಎಷ್ಟೋ ವರ್ಷಗಳ ತರುವಾಯ ಕಿರುಬೆರಳೂ ಉಂಗುರಬೆರಳೂ ಮರಗಟ್ಟಿ ಅಕ್ಷರ ಕೆಡುತ್ತದೆ. ಅದನ್ನು ಸೋಮಾರಿತನವೆಂದು ಗದರುವುದು ಆ ಮಗುವಿಗೆ ಎಸಗುವ ಅನ್ಯಾಯವೆಂದೇ ನನ್ನ ಭಾವನೆ. ಬಲ್ಲ ವೈದ್ಯರು ಹಳೆಯ ಪೆಟ್ಟನ್ನು ವಿಚಾರಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಗದವೊಂದನ್ನು ಹಿಡಿಸಿ ಎಳೆಯುತ್ತಾರೆ: ಹಿಡಿತ ಉಳಿಸಿಕೊಳ್ಳಲು ಹೆಬ್ಬೆರಳಿನ ತುದಿಗೆಣ್ಣು ಮಡಚಿಕೊಂಡರೆ ನರ ಸೋತಿದೆಯೆಂದೇ ಶಂಕೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆಗಳಲ್ಲಿ ನಡೆಯುವ ವಿದ್ಯುತ್ ಪರೀಕ್ಷೆಯಿಂದ, ಸಂದೇಶ ಯಾವೆಡೆಯಲ್ಲಿ ಮಂದಗತಿಯಾಗಿದೆಯೆಂದು ತಿಳಿಯುತ್ತದೆ.

ಇವೆರಡೂ ನರಗಳನ್ನೇ ಕುಷ್ಠವೂ ಬಾಧಿಸುವುದರಿಂದ, ಸ್ಪರ್ಶವರಿಯದ ಮಚ್ಚೆಗಾಗಿ ಮೈಯನ್ನೆಲ್ಲ ಪರೀಕ್ಷಿಸುವುದು ಅತ್ಯವಶ್ಯ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ರೋಗವೂ ಪೂರ್ಣವಾಗಿ ವಾಸಿಯಾಗತಕ್ಕದ್ದು.

ಒತ್ತಡವನ್ನು ನಿವಾರಿಸುವುದೇ ಮೊದಲ ಚಿಕಿತ್ಸೆ. ಕುಕ್ಕರುಗಾಲನ್ನು ಬಿಟ್ಟು ಮಣೆಯ ಮೇಲೆ ಕೂರುವುದು, ರಾತ್ರಿ ಮೊಣಕೈ ಮಡಚದಂತೆ ಸಡಿಲವಾಗಿ ಟವೆಲ್ ಸುತ್ತುವುದು, ಜೋತ ಪಾದಕ್ಕೆ ಆಧಾರಪಟ್ಟಿ ಕಟ್ಟುವುದು, ಇಷ್ಟರಿಂದಲೇ ಅನೇಕರು ಗುಣಹೊಂದುತ್ತಾರೆ. ನರದ ಎಳೆಗಳೇ ಕೆಟ್ಟಿದ್ದರೆ ಅವು ಮರಳಿ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ತಿಂಗಳುಗಳ ತಾಳ್ಮೆ ಬೇಕು. ಮಾಂಸಖಂಡ ಕರಗತೊಡಗಿದರೆ ಶಸ್ತ್ರಚಿಕಿತ್ಸೆಗೆ ಹಿಂಜರಿಯಬಾರದು.

ತಾಳ್ಮೆ ಸಲ್ಲದ ಸಂದರ್ಭವೂ ಒಂದುಂಟು. ಕೈ ಮುರಿದಾಗ ಪುತ್ತೂರು ಕಟ್ಟೆಂಬ ನಾಟಿ ಕಟ್ಟನ್ನು ಹಾಕಿಸುವ ವಾಡಿಕೆ ಈ ಸೀಮೆಯಲ್ಲಿದೆ. ನಾಟಿ ಕಟ್ಟಾಗಲಿ, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹಾಕಿದ ಪಿಒಪಿಯೇ ಆಗಲಿ, ಒಳಗೆ ಬಾವೇರಿ ಬಿಗಿಯಾಗಿ, ನೋವು ಗಳಿಗೆಗಳಿಗೆಗೂ ಉಲ್ಬಣಿಸುತ್ತ, ಮಡಚಿದ ಬೆರಳನ್ನು ಬೇರೆಯವರು ಮೆಲ್ಲನೆ ನೀಡಿಸಿದರೂ ಮಗು ಚೀರಿದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಒಯ್ದು ಕಟ್ಟನ್ನು ಬಿಚ್ಚಿಸಬೇಕು. 6 ಗಂಟೆಗಳು ಮೀರಿದರೆ ಮಾಂಸಖಂಡವೂ ನರವೂ ಶಾಶ್ವತವಾಗಿ ಕೆಡುವ ಸಂಭವವುಂಟು.