ಸಮೀಕರಣ ಸಿಕ್ಕರೆ ಸಾಲದು

ವೇಗವಾಗಿ ಬಂದ ಎಲೆಕ್ಟ್ರಾನೊಂದು ಪರಮಾಣುವಿಗೆ ಬಡಿದು ಅದರೊಳಗಿನ ಇನ್ನೊಂದು ಎಲೆಕ್ಟ್ರಾನನ್ನು ಹೊರಗಟ್ಟಿದರೆ ಉಳಿಯುವುದು ಅಯಾನು. ಟ್ಯೂಬ್‌ಲೈಟಿನೊಳಗೂ ಧ್ರುವಪ್ರದೇಶದ ಇರುಳಿನ ಬಣ್ಣದ ಬೆಳಕಿನಲ್ಲೂ ಇಂಥ ಡಿಕ್ಕಿಗಳು ಎಡೆಬಿಡದೆ ನಡೆಯುತ್ತಿರುತ್ತವೆ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನನ್ನು ಕಿತ್ತುಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕೆಂಬುದು ಕಾಲೇಜಿನ ಪುಸ್ತಕದಲ್ಲೇ ಇದೆ. ಹಾಗಿದ್ದರೆ ಪ್ರಯೋಗಾಲಯದಲ್ಲಿ ಇನ್ನೂ ಅಳೆಯುವುದೇನಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಅಂಕಿ ಹೇಳುವುದು ಕನಿಷ್ಠ ಬೆಲೆಯನ್ನಷ್ಟೇ. ನೂರು ಎಲೆಕ್ಟ್ರಾನುಗಳು ಹಾದುಹೋದರೆ ಎಷ್ಟು ಬಡಿಯುತ್ತವೆ, ಹೊರಬಿದ್ದ ಎರಡೂ ಯಾವ ದಿಕ್ಕು ಹಿಡಿಯುತ್ತವೆ, ಮಿಕ್ಕ ಶಕ್ತಿಯನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ಅದು ಹೇಳುವುದಿಲ್ಲ.

ಲೆಕ್ಕ ಹಾಕಿದರಾಯಿತಲ್ಲ ಎಂದರೆ, ತೊಡಕಿರುವುದು ಅಲ್ಲೇ. ಎಲೆಕ್ಟ್ರಾನುಗಳ ನಡೆಯನ್ನು ವಿವರಿಸುವ ಸಮೀಕರಣವನ್ನು ಷ್ರೋಡಿಂಜರ್ ಪ್ರಕಟಿಸಿದ್ದು 1926ರಲ್ಲಿ. ಒಂದು ಪ್ರೋಟಾನ್, ಎರಡು ಎಲೆಕ್ಟ್ರಾನ್: ಇದಕ್ಕಿಂತ ಸರಳವಾದ ಅಯಾನೀಕರಣ ಇನ್ನೊಂದಿಲ್ಲ. ಆದರೂ ಈ ಮೂರರ ನಡುವಿನ ವಿದ್ಯುದ್ಬಲ ಎಷ್ಟು ದೂರ ಸರಿದರೂ ಪೂರ್ತಿ ಕಳಚಿಕೊಳ್ಳುವುದಿಲ್ಲ. ಗೋಲಿಯಾಟದಲ್ಲಿ ಹೊಡೆದ ಗೋಲಿ ಯಾವುದು, ಹೊಡೆಸಿಕೊಂಡದ್ದು ಯಾವುದು ಎಂದು ಗುರುತಿಸಬಹುದು. ಎಲೆಕ್ಟ್ರಾನುಗಳಲ್ಲಿ ಆ ಭೇದವೇ ಇಲ್ಲ. ಅಮೆರಿಕದ ರೆಸಿನ್ಯೋ, ಮೆಕರ್ಡಿ ಮತ್ತು ಸಂಗಡಿಗರು ಸೂಪರ್‌ಕಂಪ್ಯೂಟರ್ ಬಳಸಿ ಈ ಒಡೆಯುವಿಕೆಯ ಪೂರ್ಣ ಲೆಕ್ಕವನ್ನು ಮುಂದಿಟ್ಟದ್ದು 1999ರಲ್ಲಿ. ಆ ಲೆಕ್ಕ ಸರಿಯೆಂದು ನಂಬಲು ಅದನ್ನು ಒರೆಗೆ ಹಚ್ಚಿದ್ದು ಪ್ರಯೋಗದ ಅಳತೆಗಳ ಮೇಲೆ. ಹೊರಬೀಳುವ ಎರಡೂ ಎಲೆಕ್ಟ್ರಾನುಗಳನ್ನು ಒಂದೇ ಕ್ಷಣದಲ್ಲಿ ಹಿಡಿದು ಕೋನ, ಶಕ್ತಿಗಳನ್ನು ಅಳೆಯುವ ಕಷ್ಟದ ಕೆಲಸವನ್ನು ಜರ್ಮನಿಯ ಎರ್ಹಾರ್ಟ್ ತಂಡ 1969ರಲ್ಲೇ ಹೀಲಿಯಂ ಮೇಲೆ ಮಾಡಿ ತೋರಿಸಿತ್ತು. ಇಷ್ಟು ಎಚ್ಚರ ಏಕೆ ಬೇಕೆಂಬುದಕ್ಕೆ ಹಳೆಯ ನಿದರ್ಶನವೂ ಉಂಟು. 1914ರಲ್ಲಿ ಫ್ರಾಂಕ್ ಮತ್ತು ಹರ್ಟ್ಸ್ ಪಾದರಸದ ಆವಿಯಲ್ಲಿ ಕಂಡ 4.9 ವೋಲ್ಟನ್ನು ಅಯಾನೀಕರಣವೆಂದೇ ತಿಳಿದಿದ್ದರು. ನಿಜದಲ್ಲಿ ಅಲ್ಲಿ ಪರಮಾಣು ಒಡೆದಿರಲಿಲ್ಲ, ಉದ್ರೇಕಗೊಂಡಿತ್ತಷ್ಟೇ. ಪಾದರಸ ಅಯಾನಾಗಲು 10.4 ವೋಲ್ಟ್ ಬೇಕು.

ವೇಗದ ಎಲೆಕ್ಟ್ರಾನುಗಳಿಗೆ 1930ರ ಬೆಥೆಯವರ ಅಂದಾಜು ಸೂತ್ರವೇ ಸಾಕಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ವೇಗ ಹೆಚ್ಚಿದ್ದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ದೇಹ ಹೊಕ್ಕಾಗ ಹುಟ್ಟುವ ಸಾವಿರಾರು ಎಲೆಕ್ಟ್ರಾನುಗಳಲ್ಲಿ ಬಹುಪಾಲು ನಿಧಾನದವು. ಅಂದಾಜು ಸೋಲುವುದು ಅಲ್ಲೇ. ಕೆನಡಾದ ಶೆರ್‌ಬ್ರೂಕ್‌ನಲ್ಲಿ ಸಾಂಶ್ ಅವರ ತಂಡ 2000ದಲ್ಲಿ 3ರಿಂದ 20 ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನುಗಳೂ ಡಿಎನ್‌ಎ ಎಳೆಗಳನ್ನು ತುಂಡರಿಸುವುದನ್ನು ತೋರಿಸಿತು. ಹಾಗಾದರೆ ಅಯಾನೀಕರಣಕ್ಕೆ ಸಾಲದ ಶಕ್ತಿಯೂ ಹಾನಿ ಮಾಡುತ್ತದೆ, ಅಯಾನೀಕರಣಕ್ಕೆ ಇಷ್ಟು ಮಹತ್ವವೇಕೆ ಎನ್ನಬಹುದು. ಆ ನಿಧಾನದ ಎಲೆಕ್ಟ್ರಾನುಗಳು ಹುಟ್ಟುವುದೇ ಅಯಾನೀಕರಣದಿಂದ. ಅವು ಎಷ್ಟು, ಯಾವ ಶಕ್ತಿಯವು ಎಂದು ತಿಳಿಯದೆ ಹಾನಿಯ ಲೆಕ್ಕ ಆರಂಭವಾಗುವುದೇ ಇಲ್ಲ. ದೇಹದ ಬಹುಭಾಗ ನೀರು. ಅದರ ಒಂದು ಅಣುವಿನಲ್ಲಿ ಮೂರು ನ್ಯೂಕ್ಲಿಯಸ್ಸು, ಹತ್ತು ಎಲೆಕ್ಟ್ರಾನ್. ಹೈಡ್ರೋಜನ್ನಿಗೇ 73 ವರ್ಷ ಹಿಡಿದಿರುವಾಗ, ನೀರಿನ ಮಟ್ಟಿಗೆ ಅಳತೆಯ ಕೋಷ್ಟಕಗಳನ್ನು ಬಿಟ್ಟು ಬರಿಯ ಸಮೀಕರಣವನ್ನು ನೆಚ್ಚಿಕೊಳ್ಳುವುದು ಸದ್ಯಕ್ಕೆ ಸಾಧ್ಯವಿಲ್ಲ.